ರಟ್ಟಿನ ಪ್ಲೇಟು

ಹತ್ತಿ ಕಪ್ಪಾಯಿತು!

ತಹಾನಿ ಒಂದು ಕ್ಷಣ ಅದು ಧೂಳೆಂದೇ ಅಂದುಕೊಂಡಳು. ನಲವತ್ತು ವರ್ಷದ ಧೂಳು, ಅಲೆಕ್ಸಾಂಡ್ರಿಯಾದ ಕಡಲಗಾಳಿಯ ಉಪ್ಪು, ಬೂಷ್ಟು... ಹುಟ್ಟಿದಾಗಿನಿಂದ ಗ್ರಾಮಫೋನ್ ಪ್ಲೇಟುಗಳ ನಡುವೆಯೇ ಬೆಳೆದವಳು ಅವಳು. ತೊಳೆಯುವಾಗ ಹತ್ತಿ ಕಪ್ಪಾಗುವುದು ಹೊಸತಲ್ಲ. ಆದರೆ ಎರಡನೆಯ ಸಲ ಆಡಿಸಿದಾಗ ಬೆರಳಿಗೆ ಅಂಟಂಟಾಯಿತು. ಅಡುಗೆಮನೆಯ ಕಿಟಕಿಯ ಬೆಳಕಿಗೆ ಪ್ಲೇಟನ್ನು ಓರೆಯಾಗಿ ಹಿಡಿದು ನೋಡಿದಳು. ಕೂದಲೆಳೆಯಂತೆ ಸುತ್ತಿ ಸುತ್ತಿ ಬರಬೇಕಾದ ಗೆರೆಗಳು ಅಲ್ಲಿರಲಿಲ್ಲ. ಅಂಗೈಯಗಲ ಕಪ್ಪು ಲೇಪ ಕರಗಿಹೋಗಿ, ಅದರಡಿಯಿಂದ ಮಣ್ಣುಬಣ್ಣದ ರಟ್ಟು ಇಣುಕುತ್ತಿತ್ತು.

"ದೇವರೇ... ನನ್ನ ದೇವರೇ! ಏನು ಮಾಡಿಬಿಟ್ಟೆ ನಾನು!"

ಆ ಪ್ಲೇಟಿನಲ್ಲಿದ್ದದ್ದು ಅವಳ ಅತ್ತೆ ರತೀಬಾಳ ದನಿ. ರತೀಬಾ ತೀರಿಕೊಂಡು ಅಂದಿಗೆ ಸರಿಯಾಗಿ ನಲವತ್ತು ದಿನ. ಆ ದನಿಗೆ ಇನ್ನೊಂದು ಪ್ರತಿ ಈ ಲೋಕದಲ್ಲೆಲ್ಲೂ ಇರಲಿಲ್ಲ. ಕ್ಯಾಸೆಟ್ ಮಷೀನು ಎದುರಿಗಿಟ್ಟರೆ ಸಾಕು, ಆಕೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡಿಬಿಡುತ್ತಿದ್ದಳು. ಬಾಳಿನಲ್ಲಿ ಒಮ್ಮೆ, ಒಮ್ಮೆ ಮಾತ್ರ, ಮದುವೆ ಗೊತ್ತಾದ ಹೊಸತರಲ್ಲಿ, ರೈಲುನಿಲ್ದಾಣದ ಹಿಂದಿನ ಒಂದು ಸಣ್ಣ ಕೋಣೆಯಲ್ಲಿ ಹಾಡಿದ್ದಳು. ಹಾಡುತ್ತಿದ್ದ ಹಾಗೆಯೇ ಅಲ್ಲೇ ಪ್ಲೇಟಿನ ಮೇಲೆ ಕೊರೆದು ಕೈಗೆ ಕೊಡುವ ಅಂಗಡಿಯದು.

ಅಂದು ಬೆಳಗ್ಗೆ ಮಾವ ಲುತ್ಫಿ ಆ ಪ್ಲೇಟನ್ನು ಬೀರುವಿನಿಂದ ತೆಗೆದು, ಹೊದಿಕೆ ಹೊದಿಸಿದ್ದ ಗ್ರಾಮಫೋನ್ ಮಷೀನಿನ ಮೇಲೆ ಎರಡೂ ಕೈಯಿಂದ ಇಟ್ಟಿದ್ದರು. ಮುಖದಲ್ಲಿ ನಲವತ್ತು ದಿನಗಳಿಂದ ಕಾಣದ ಒಂದು ಬೆಳಕು.

"ಮಗಳೇ, ಮುಳ್ಳು ಒರೆಸಿಡು. ಖಬರಸ್ತಾನದಿಂದ ಬಂದಮೇಲೆ ನಿನ್ನತ್ತೇನ ಕೇಳಿಸ್ತೀನಿ. ಮೊದಲು ಹಾಡು. ಆಮೇಲೆ ನಿನ್ನ ದೊಡ್ಡತ್ತೆ ಬೈಗುಳ."

"ದೊಡ್ಡತ್ತೆ ಬೈಗುಳಕ್ಕೆ ಪ್ಲೇಟು ಯಾಕೆ ಮಾವ? ದಿನಾ ಕೇಳ್ತೀನಲ್ಲ."

ಮುದುಕ ನಕ್ಕುಬಿಟ್ಟರು. "ಅವತ್ತು ನಮ್ಮಕ್ಕ ಕಾವಲಿಗೆ ಬಂದಿದ್ಲು ಕಣಮ್ಮ. ಮದುವೆ ಆಗದೆ ಇರೋ ಹುಡುಗೀನ ಒಂಟಿಯಾಗಿ ನನ್ನ ಜೊತೆ ಕಳಿಸ್ತಾರಾ? ಹಾಡಿನ ಮಧ್ಯದಲ್ಲೇ ಗದರಿಸಿಬಿಟ್ಲು. ಅದೂ ಕೊರೆದುಹೋಯ್ತು. ಅದಾದ ಮೇಲೆ... ಅದಾದ ಮೇಲೆ ರತೀಬಾ ನಗ್ತಾಳೆ. ಆ ನಗು ಕೇಳಬೇಕು ಅಂತಲೇ ಈ ನಲವತ್ತು ದಿನ ತಡಕೊಂಡಿದ್ದೀನಿ ಮಗಳೇ."

ಸಾವಿನ ಮನೆಯಲ್ಲಿ ನಲವತ್ತು ದಿನ ಹಾಡಿಲ್ಲ. ಬೀದಿಯವರೂ ಆ ದುಃಖವನ್ನು ಗೌರವಿಸಿ ತಮ್ಮ ರೇಡಿಯೋಗಳ ಕಿವಿ ಹಿಂಡಿದ್ದರು. ಆ ಮನೆಯ ಮುಂಗೋಣೆಯಲ್ಲಿದ್ದ ಸಾವಿರದ ಇನ್ನೂರು ಪ್ಲೇಟುಗಳು, ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಒಬ್ಬ ಮನುಷ್ಯ ಒಂದೊಂದಾಗಿ ಕೊಂಡು, ಒಂದನ್ನು ಮಾರಿ ಇನ್ನೊಂದನ್ನು ತಂದು, ಮೂವತ್ತೈದು ವರ್ಷ ಸೇರಿಸಿದ ಪ್ಲೇಟುಗಳು, ಬೆನ್ನು ತಿರುಗಿಸಿ ನಿಂತ ನೆಂಟರಂತೆ ಸುಮ್ಮನಿದ್ದವು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಕಣ್ಣು ಮುಚ್ಚಿ ಕೂತು, ಒಂದೊಂದು ಆಲಾಪಕ್ಕೂ "ಆಹಾ" ಎನ್ನುತ್ತಿದ್ದ ಮೂವರು ಹಳೆಯ ಗೆಳೆಯರೂ ಈಗ ಬಂದು ಸಕ್ಕರೆಯಿಲ್ಲದ ಕಾಫಿ ಕುಡಿದು ಸುಮ್ಮನೆ ಎದ್ದುಹೋಗುತ್ತಿದ್ದರು.

ಎಲ್ಲರೂ ಗೋರಿಯ ಬಳಿ ಹಂಚಲು ಶುರೈಕ್ ರೊಟ್ಟಿಯ ಬುಟ್ಟಿ ಹೊತ್ತು ಹೋದಮೇಲೆ ತಹಾನಿ ಮುಳ್ಳು ಒರೆಸಿದಳು. ಪ್ಲೇಟನ್ನು ಕವರಿನಿಂದ ತೆಗೆದಳು. ಅದರ ಮೇಲೆಲ್ಲ ಬೆಳ್ಳಗೆ ಹಿಟ್ಟಿನಂಥದ್ದು ಕೂತಿತ್ತು. ಬೂಷ್ಟು ಎಂದುಕೊಂಡಳು. ಇಂಥ ದಿನ, ಇಂಥ ದನಿಗೆ ಇಂಥ ಮುಖವೇ? ಮನಸ್ಸು ಮರುಗಿತು. ಅರಗಿನ ಹಳೆಯ ಪ್ಲೇಟಿಗೆ ಸ್ಪಿರಿಟ್ ತಾಗಿಸಬಾರದೆಂಬುದು ಅವಳಿಗೆ ಮೂಗಿನ ಮೇಲಿನ ಮಚ್ಚೆಯಷ್ಟು ಗೊತ್ತು. ಆದ್ದರಿಂದ ಉಗುರಿನಿಂದ ತಟ್ಟಿ ನೋಡಿದಳು. ಅರಗಾಗಿದ್ದರೆ ಠಣ್ಣೆನ್ನಬೇಕು, ಇದು ಅನ್ನಲಿಲ್ಲ. ಸರಿ, ವಿನೈಲ್. ವಿನೈಲಿಗೆ ತವರಿನಲ್ಲಿ ಕಲಿತ ಮದ್ದು: ಮೂರು ಪಾಲು ನೀರು, ಒಂದು ಪಾಲು ಸ್ಪಿರಿಟ್, ಎರಡು ಹನಿ ಸಾಬೂನು. ಅವಳು ತಿಳಿಗೇಡಿಯಾಗಿರಲಿಲ್ಲ. ಹೆಚ್ಚು ತಿಳಿದದ್ದೇ ಅವಳಿಗೆ ಮುಳುವಾಯಿತು.

ಬಾಗಿಲು ಬಡಿದ ಸದ್ದಾಯಿತು. ಬಂದವನು ಅವಳ ಅಪ್ಪ ರಿಜ್ಕ್. ಅತ್ತಾರೀನ್ ಸಂತೆಬೀದಿಯಲ್ಲಿ ಹಳೆಯ ಪ್ಲೇಟುಗಳ ಅಂಗಡಿಯವನು. ಸಂಜೆ ಕುರಾನ್ ಪಠಣಕ್ಕೆ ಬರುವವರಿಗೆಂದು ನಾಲ್ಕು ಕುರ್ಚಿ ಹೊತ್ತು ತಂದಿದ್ದ. ಮಗಳ ಮುಖ ನೋಡಿ ಕುರ್ಚಿಗಳನ್ನು ಅಲ್ಲೇ ಇಳಿಸಿದ.

"ಏನೇ ಇದು? ಅಳೋದಿದ್ರೆ ಗೋರಿ ಹತ್ರ ಹೋಗಿ ಅಳಬೇಕಿತ್ತು. ಅಡುಗೆಮನೇಲಿ ಈರುಳ್ಳಿ ಮುಂದೆ ಅತ್ರೆ ಯಾರು ನಂಬ್ತಾರೆ?"

ಅವಳು ಪ್ಲೇಟನ್ನು ತೋರಿಸಿದಳು. ರಿಜ್ಕ್ ಅದನ್ನು ಅಂಚಿನಲ್ಲಿ ಹಿಡಿದು, ಬಾಗಿಸಿ ನೋಡಿ, ಮೂಸಿದ. ಹಲ್ಲಿಲ್ಲದ ಬಾಯಿ ಹಾಗೇ ತೆರೆದುಕೊಂಡಿತು.

"ಅಯ್ಯೋ ಹುಚ್ಚೀ... ಇದು ವಿನೈಲ್ ಅಲ್ಲ ಕಣೇ! ರಟ್ಟಿನ ಮೇಲೆ ಮೆರುಗೆಣ್ಣೆ ಬಳಿದು, ಅಲ್ಲಲ್ಲೇ ಕೊರೆದು ಕೊಡ್ತಿದ್ದ ಮಾಲು. ಸ್ಪಿರಿಟ್ ಕಂಡ್ರೆ ಬೆಣ್ಣೆ ಥರ ಕರಗತ್ತೆ."

"ತಟ್ಟಿ ನೋಡ್ದೆ ಅಪ್ಪ... ಠಣ್ ಅನ್ನಲಿಲ್ಲ..."

"ರಟ್ಟು ಎಲ್ಲಾದ್ರೂ ಠಣ್ ಅನ್ನತ್ತಾ! ಯಾವುದಿದು?"

"ಅತ್ತೇದು..."

ರಿಜ್ಕ್ ಕುರ್ಚಿಯೊಂದನ್ನು ಎಳೆದುಕೊಂಡು ಕೂತುಬಿಟ್ಟ. ಆಮೇಲೆ ದನಿ ತಗ್ಗಿಸಿ, ಗಿರಾಕಿಗೆ ಹೇಳುವಂತೆ ಹೇಳಿದ: "ನೋಡು ಮಗಾ. ಕವರಿಗೆ ಹಾಕಿ ಇದ್ದಲ್ಲೇ ಇಟ್ಟುಬಿಡು. ಮೇಲೆ ಅರ್ಧ ಲೋಟ ಕಾಫಿ ಚೆಲ್ಲು. ಬೆಕ್ಕು ಉರುಳಿಸ್ತು ಅನ್ನು. ನಿನ್ನ ದೊಡ್ಡತ್ತೆ ನಜ್ಲಾಗೆ ಬೆಕ್ಕು ಕಂಡ್ರೆ ಮೊದಲೇ ಆಗಲ್ಲ, ಕಣ್ಣು ಮುಚ್ಚಿ ನಂಬ್ತಾಳೆ. ಈ ರಟ್ಟಿನ ಪ್ಲೇಟು ಹೇಗೂ ಇನ್ನು ನಾಲ್ಕು ವರ್ಷಕ್ಕೆ ತಾನಾಗೇ ಸಿಪ್ಪೆ ಎದ್ದು ಸಾಯೋದು. ನಾನು ಮೂರು ಕಾಸಿನ ಪ್ಲೇಟಿಗೋಸ್ಕರ ಇದಕ್ಕಿಂತ ದೊಡ್ಡ ಸುಳ್ಳು ಹೇಳಿದ್ದೀನಿ."

"ಗೊತ್ತು ಅಪ್ಪ. ಒಂದು ಸಲ ನಿನ್ನ ಸುಳ್ಳನ್ನ ಕೆಡಿಸಿದ್ದೇ ನಾನು."

ಹೌದು, ಆ ಮನೆಗೆ ಅವಳು ಸೊಸೆಯಾಗಿ ಬಂದದ್ದೇ ಹಾಗೆ. ಆರು ವರ್ಷದ ಹಿಂದೆ ಲುತ್ಫಿ ಅಂಗಡಿಗೆ ಬಂದು ಒಂದು ಪ್ಲೇಟನ್ನು ಆರಿಸಿಕೊಂಡಿದ್ದರು. ಮುಳ್ಳೇ ತಾಗಿಲ್ಲದ ಕನ್ಯೆ ಎಂದು ರಿಜ್ಕ್ ಆಣೆ ಹಾಕುತ್ತಿದ್ದ. ಮೂಲೆಯಲ್ಲಿ ಕವರು ಹೊಲಿಯುತ್ತ ಕೂತಿದ್ದ ಹುಡುಗಿ ತಲೆಯೆತ್ತದೆ, "ಹಾಜಿಯವರೇ, ಎರಡನೇ ಮಗ್ಗುಲು ನಡುವೆ ಸವೆದಿದೆ. ಬೆಳಕಿಗೆ ಹಿಡಿದು ನೋಡಿ," ಎಂದಿದ್ದಳು. ಅಪ್ಪನ ಕಣ್ಣು ಕೆಂಡವಾಯಿತು. ಲುತ್ಫಿ ಮಾತ್ರ ಕೇಳಿದ ಬೆಲೆಯನ್ನೇ ಕೊಟ್ಟು ಪ್ಲೇಟನ್ನು ಕೊಂಡರು. ಮುಂದಿನ ಗುರುವಾರ ರತೀಬಾಳನ್ನು ಕರೆದುಕೊಂಡು ಬಂದು, ಹಡಗಿನಲ್ಲಿ ಅಡುಗೆಯವನಾಗಿದ್ದ ಒಬ್ಬನೇ ಮಗ ಸಬ್ರಿಗೆ ಆ ಹುಡುಗಿಯನ್ನು ಕೇಳಿದರು. "ದೋಷ ಮುಚ್ಚಿಟ್ಟು ಮಾರಿದವನ ಗಳಿಕೆಯಲ್ಲಿ ದೇವರ ಹರಸುವಿಕೆ ಇಲ್ಲ. ಈ ಹುಡುಗಿ ನಮ್ಮನೆಗೆ ಬರಕತ್ತು ತರ್ತಾಳೆ," ಎಂದಿದ್ದರು. ನಜ್ಲಾ ಅಂದೇ ಮೂಗು ಮುರಿದಿದ್ದಳು. "ಸೊಸೆ ತರೋಕೆ ಹೋದ್ಯೋ, ಪ್ಲೇಟು ತರೋಕೆ ಹೋದ್ಯೋ ಲುತ್ಫಿ? ತಾ ಅಂದ್ರೆ ಎರಡೂ ಗೀರು ಬಿದ್ದದ್ದೇ ತಂದಿದ್ದೀಯ!"

ನಜ್ಲಾ ಲುತ್ಫಿಗಿಂತ ಏಳು ವರ್ಷ ಹಿರಿಯಳು. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ತಂದೆತಾಯಿಯಿಲ್ಲದ ತಮ್ಮನನ್ನು ಸಾಕಿದವಳೂ ಅವಳೇ. ಬಾಳಿನಲ್ಲಿ ತನಗೆ ಸಿಗದ ಸುಖವನ್ನು ಬೇರೆಯವರು ಸದ್ದುಮಾಡುತ್ತ ಅನುಭವಿಸುವುದನ್ನು ಆಕೆ ಸಹಿಸಲಾರಳು. ರತೀಬಾ ಅದನ್ನು ಅರಿತು ನಲವತ್ತು ವರ್ಷ ಮೆಲ್ಲಗೆ ನಕ್ಕಳು. ತಹಾನಿ ಅರಿಯದೆ ಆರು ವರ್ಷ ಅತ್ತಳು.

ಮಧ್ಯಾಹ್ನದ ಬಾಂಗಿಗೆ ಸ್ವಲ್ಪ ಮುಂಚೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ರಿಜ್ಕ್ ಕೊನೆಯ ಸಲ ಪಿಸುಗುಟ್ಟಿದ, "ಬೆಕ್ಕು ಕಣೇ... ಬೆಕ್ಕು!"

ತಹಾನಿ ಪ್ಲೇಟನ್ನು ಎದೆಗವಚಿಕೊಂಡು ಬಾಗಿಲ ಬಳಿಯೇ ಹೋಗಿ ನಿಂತಳು. ಲುತ್ಫಿ ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

"ಮಾವ... ಬೆಳ್ಳಗೆ ಬೂಷ್ಟು ಬಂದಿತ್ತು. ವಿನೈಲ್ ಅಂದ್ಕೊಂಡು ಸ್ಪಿರಿಟ್ ಹಾಕಿ ತೊಳೆದುಬಿಟ್ಟೆ. ಅತ್ತೆ ದನಿ ಹೋಯ್ತು ಮಾವ! ನಾನೇ... ಈ ನನ್ನ ಕೈಯಾರೆ..."

ಲುತ್ಫಿ ಪ್ಲೇಟನ್ನು ತೆಗೆದುಕೊಂಡರು. ಕರಗಿದ ಜಾಗದ ಮೇಲೆ ಬೆರಳಾಡಿಸಿದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮುಟ್ಟಿದರು. ಚಪ್ಪಲಿಯಲ್ಲೇ ಮುಂಗೋಣೆಗೆ ನಡೆದು ಬಾಗಿಲು ಎಳೆದುಕೊಂಡರು.

ನಜ್ಲಾ ಖಾಲಿ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

"ಹೇಳಿದ್ನೋ ಇಲ್ವೋ! ಅಂಗಡಿಕಟ್ಟೆಯವಳನ್ನ ಮನೆಯೊಳಗೆ ತರಬೇಡ ಅಂತ ಹೇಳಿದ್ನೋ ಇಲ್ವೋ! ನಲವತ್ತು ದಿನ ಎದುರು ನೋಡ್ತಾ ಕೂತಿದ್ದ ಮುದುಕ... ಆ ಮುದುಕನ ಬಾಯಿಂದ ಕೊನೇ ತುತ್ತು ಕಿತ್ಕೊಂಡ್ಯಲ್ಲೇ ಪಾಪಿ!"

"ದೊಡ್ಡತ್ತೆ, ಬೇಕು ಅಂತ ಮಾಡ್ಲಿಲ್ಲ..."

"ಬೇಕು ಅಂತ ಯಾರೇ ಮಾಡ್ತಾರೆ? ಬೆಂಕಿ ಬೇಕು ಅಂತ ಸುಡತ್ತಾ? ಮಣ್ಣು ಮಾಡಿ ನಲವತ್ತು ದಿನಕ್ಕೆ ಅವಳನ್ನ ಇನ್ನೊಂದು ಸಲ ಮಣ್ಣು ಮಾಡಿದೆ ನೀನು!" ಆಮೇಲೆ ರಿಜ್ಕ್‌ನ ಕಡೆ ತಿರುಗಿದಳು. "ಬೀಗರೇ, ಸರಿಯಾದ ಹೊತ್ತಿಗೇ ಬಂದಿದ್ದೀರಿ. ಕುರ್ಚಿ ಬಿಟ್ಟು ಮಗಳನ್ನ ಕರಕೊಂಡು ಹೊರಡಿ. ಸಬ್ರಿ ಹಡಗಿಂದ ಇಳಿಯೋ ತನಕ ನಿಮ್ಮಲ್ಲೇ ಇರಲಿ. ಇಳಿದಮೇಲೆ ಅವನು ತೀರ್ಮಾನ ಮಾಡ್ಲಿ."

"ಅಮ್ಮಾ ತಾಯಿ, ಮಗು ತಪ್ಪು ಒಪ್ಕೊಂಡಿದೆ. ದೇವರೇ ಕ್ಷಮಿಸ್ತಾನಂತೆ..."

"ದೇವರಿಗೆ ಪ್ಲೇಟು ಹಾಳಾಗಿಲ್ಲ, ನನ್ನ ತಮ್ಮನಿಗೆ ಹಾಳಾಗಿರೋದು!"

ತಹಾನಿ ಒಳಗೆ ಹೋಗಿ ಎರಡು ಬಟ್ಟೆ ಗಂಟು ಕಟ್ಟಿದಳು. ಗೋಡೆಯ ಮೊಳೆಯಲ್ಲಿ ರತೀಬಾಳ ಏಪ್ರನ್ ಇನ್ನೂ ತೂಗುತ್ತಿತ್ತು. ಹೆರಿಗೆಯಲ್ಲಿ ಮಗು ಉಳಿಯದೆ ಹೋದ ವರ್ಷ, ಬೀದಿಯೆಲ್ಲ ಪಿಸುಗುಟ್ಟುತ್ತಿದ್ದಾಗ, ಅದೇ ಏಪ್ರನ್ನಿನಿಂದ ಆಕೆ ಇವಳ ಕಣ್ಣೊರೆಸಿದ್ದಳು. ಅದರ ಅಂಚನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಅಪ್ಪಣೆ ಕೇಳದೆ ಹೊಸಿಲು ದಾಟಬಾರದೆಂದು ಮುಂಗೋಣೆಯ ಬಾಗಿಲನ್ನು ಮೆಲ್ಲಗೆ ತಟ್ಟಿದಳು.

"ಮಾವ... ನಾನು ಹೋಗಿಬರ್ತೀನಿ."

ಒಳಗಿನಿಂದ ಕೇಳಿಬಂತು: "ಮುಳ್ಳು ಒರೆಸಿದ್ಯಾ?"

"ಹ್ಞೂಂ... ಒರೆಸಿದ್ದೀನಿ ಮಾವ."

"ಹಾಗಾದ್ರೆ ಒಳಗೆ ಬಾ. ಹೊದಿಕೆ ತೆಗಿ. ಗಂಟು ಅಲ್ಲೇ ಇಡು. ಅಕ್ಕ, ನೀನೂ ಬಾ. ಬೀಗರೇ, ನೀವೂ ಬನ್ನಿ."

ಎಲ್ಲರೂ ಒಳಗೆ ಹೋದರು. ಲುತ್ಫಿ ಮಷೀನಿನ ಪಕ್ಕದ ತಮ್ಮ ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ರತೀಬಾಳ ಖಾಲಿ ಕುರ್ಚಿ. ಗಡ್ಡ ಒದ್ದೆಯಾಗಿತ್ತು, ದನಿ ಮಾತ್ರ ನಡುಗಲಿಲ್ಲ.

"ಬೀಗರೇ, ನೀವು ವ್ಯಾಪಾರಸ್ಥರು. ನ್ಯಾಯ ಹೇಳಿ. ಪ್ಲೇಟಿನ ದೋಷ ಹೇಳದೆ ಕೊಟ್ರೆ ತಪ್ಪು ಯಾರದು? ಕೊಟ್ಟವನದೋ, ತಗೊಂಡವನದೋ?"

ರಿಜ್ಕ್ ಗಂಟಲು ಸರಿಮಾಡಿಕೊಂಡ. "ಶಾಸ್ತ್ರದ ಪ್ರಕಾರ... ಕೊಟ್ಟವನದು ಹಾಜಿ."

"ನಾನು ಕೊಟ್ಟವನು. ದೋಷ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಗೊತ್ತಾ? ನಾಚಿಕೆ! ಆ ಅಂಗಡೀಲಿ ಎರಡು ಥರ ಇತ್ತು. ಲೋಹದ ತಗಡಿಂದು ಒಂದು, ರಟ್ಟಿಂದು ಒಂದು. ತಗಡಿನದು ನೂರು ವರ್ಷ ಬಾಳತ್ತೆ ಅಂತ ಅಂಗಡಿಯವನು ಅಂದ. ನಾನು ರಟ್ಟಿಂದು ತಗೊಂಡೆ. ಅವಳಿಗೆ ಮಾತ್ರ ತಗಡಿಂದು ಅಂದೆ. 'ನನ್ನ ದನಿಗೆ ಅಷ್ಟು ಬೆಲೆನಾ?' ಅಂತ ಅವಳು ಕಣ್ಣರಳಿಸಿದ್ಲು. ಆ ಕಣ್ಣು ನೋಡಿದ ಮೇಲೆ ನಿಜ ಹೇಳೋಕಾಗಲಿಲ್ಲ. ಸಾಯೋ ತನಕ ಹೇಳಲಿಲ್ಲ. ಜಗತ್ತಿನೋರ ಪ್ಲೇಟಿನ ದೋಷವೆಲ್ಲ ಬೆಳಕಿಗೆ ಹಿಡಿದು ನೋಡ್ತಿದ್ದೆ, ನನ್ನ ಮನೇದನ್ನ ಮಾತ್ರ ಕವರಿನೊಳಗೆ ಮುಚ್ಚಿಟ್ಟಿದ್ದೆ. ಈ ಮಗು ಕೈಯಲ್ಲಿ ಕೊಡುವಾಗ 'ಇದು ರಟ್ಟು, ಜೋಪಾನ' ಅಂತ ಒಂದು ಮಾತು ಅಂದಿದ್ರೆ..."

ಈಗ ಅವರ ದನಿ ನಡುಗಿತು. ತಹಾನಿ ಅವರ ಕಾಲ ಬಳಿ ಕುಸಿದು ಕೂತಳು. ಮುದುಕ ಅವಳ ತಲೆಯ ಮೇಲೆ ಕೈಯಿಟ್ಟರು.

ನಜ್ಲಾಳ ಬೆರಳಿನಲ್ಲಿ ಓಡುತ್ತಿದ್ದ ಜಪಸರದ ಮಣಿಗಳು ನಿಂತುಹೋಗಿದ್ದವು. ತಮ್ಮ ಒಂದು ಮಾತನ್ನು ಬಿಟ್ಟು ಹೇಳಿದ್ದ. ಆ ಮಾತು ಅವಳಿಗೆ ಗೊತ್ತಿತ್ತು. ಅಂದು ಆ ಅಂಗಡಿಯಲ್ಲಿ ಲುತ್ಫಿ ತಗಡಿನ ಪ್ಲೇಟನ್ನೇ ಕೈಗೆತ್ತಿಕೊಂಡಿದ್ದ. ತೋಳು ಹಿಡಿದು ಹಿಂದಕ್ಕೆಳೆದವಳು ಅವಳು. "ಎರಡು ನಿಮಿಷದ ಗುನುಗಿಗೆ ತಗಡು ಯಾಕೋ? ರಟ್ಟೇ ಸಾಕು," ಎಂದು ರತೀಬಾಳಿಗೆ ಕೇಳಿಸದಂತೆ ಪಿಸುಗುಟ್ಟಿದವಳು ಅವಳು! ನಲವತ್ತು ವರ್ಷ ತಮ್ಮ ಅದನ್ನು ಹೆಂಡತಿಗೆ ಹೇಳಲಿಲ್ಲ. ಇಂದೂ, ಈ ಸೊಸೆಯ ಮುಂದೆಯೂ, ಅಕ್ಕನ ತಲೆ ಕಾಯ್ದು ತನ್ನ ತಲೆಯ ಮೇಲೇ ಹೊತ್ತುಕೊಂಡ. ನಜ್ಲಾ ಗೋಡೆಯ ಕಡೆ ಮುಖ ತಿರುಗಿಸಿ ಕೂತಳು.

ಲುತ್ಫಿ ಪ್ಲೇಟನ್ನು ಮಷೀನಿನ ಮೇಲಿಟ್ಟರು.

"ಹಾಜಿ, ಮುಳ್ಳು ಹಾಳಾಗತ್ತೆ," ಎಂದು ರಿಜ್ಕ್ ಮೆಲ್ಲಗೆ ಹೇಳಿದ.

"ಮುಳ್ಳು ಇಳಿಸಲ್ಲ ಬೀಗರೇ. ಅವಳಿಗೆ ಇನ್ನು ನೋವಾಗೋದು ಬೇಡ."

ಗುಂಡಿ ಒತ್ತಿದರು. ಪ್ಲೇಟು ತಿರುಗತೊಡಗಿತು. ನಲವತ್ತು ದಿನಗಳ ಮೇಲೆ ಆ ಮಷೀನು ಮೊದಲ ಸಲ ತಿರುಗಿತು. ಸದ್ದಿಲ್ಲ. ಕರಗಿದ ಜಾಗ ಒಂದೊಂದು ಸುತ್ತಿಗೂ ಕಿಟಕಿಯ ಬಿಸಿಲಿಗೆ ಬಂದು ಮತ್ತೆ ಮರೆಯಾಗುತ್ತಿತ್ತು. ಉಸಿರನ್ನು ಕೊಟ್ಟವನೇ ದನಿಯನ್ನೂ ಕೊಟ್ಟ. ಕರೆದುಕೊಳ್ಳುವಾಗ ಎರಡನ್ನೂ ಒಟ್ಟಿಗೇ ಕರೆದುಕೊಂಡ. ನಡುವೆ ಒಂದು ಚೂರು ನಮಗಿರಲಿ ಎಂದು ಹಿಡಿದುಕೊಳ್ಳುವ ನಾವು ಎಷ್ಟು ದಿನ ಹಿಡಿದುಕೊಂಡೇವು?

ಲುತ್ಫಿ ಕಣ್ಣು ಮುಚ್ಚಿದರು. ಪ್ಲೇಟಿನಲ್ಲಿ ಹಾಡು ಎಲ್ಲಿ ಆರಂಭವಾಗುತ್ತದೆಂದು ಅವರ ಮೈಗೇ ಗೊತ್ತಿತ್ತು. ನಾಲ್ಕು ಸುತ್ತು ಬಿಟ್ಟು, ಐದನೆಯದಕ್ಕೆ, ಒಡೆದ ಮುದಿ ಗಂಟಲಿನಲ್ಲಿ ಮೆಲ್ಲಗೆ ಎತ್ತಿಕೊಂಡರು:

"ಕಡಲ ಗಾಳಿಯೇ, ಕದವ ತಟ್ಟಬೇಡ...
ಕೈಯ ಮದರಂಗಿ ಇನ್ನೂ ಆರಿಲ್ಲ...
ಕರೆಯಬಂದವರಿಗೆ ಕುಳ್ಳಿರೆಂದು ಹೇಳು...
ತಾಯ ಮುಖವಿನ್ನೂ ನೋಡಿ ತೀರಿಲ್ಲ..."

ಎರಡನೆಯ ಸಾಲಿಗೆ ತಹಾನಿಯೂ ದನಿ ಸೇರಿಸಿದಳು. ರತೀಬಾ ಹಿಟ್ಟು ನಾದುವಾಗ ಅದನ್ನೇ ಗುನುಗುತ್ತಿದ್ದಳು. ಅದು ಪ್ಲೇಟಿನ ಹಾಡೆಂದು ಇವಳಿಗೆ ಗೊತ್ತೇ ಇರಲಿಲ್ಲ. ರಿಜ್ಕ್ ತಲೆತಗ್ಗಿಸಿ, ಕಣ್ಣೀರು ಒರೆಸಿಕೊಳ್ಳಲು ಟೋಪಿಯನ್ನೇ ತೆಗೆದುಕೊಂಡ. ನಾಲ್ಕನೆಯ ಸಾಲು ಎರಡನೆಯ ಸಲ ಬಂದು, ನಡುವೆಯೇ ಲುತ್ಫಿ ತಟ್ಟನೆ ನಿಂತರು.

ಅದೇ ಜಾಗ. ಅಲ್ಲಿ ಹಾಡು ಕಡಿಯುತ್ತದೆ.

ಪ್ಲೇಟು ತಿರುಗುತ್ತಿತ್ತು. ಒಂದು ಸುತ್ತು... ಎರಡು... ಮೂರು...

ಗೋಡೆಯ ಕಡೆಯಿಂದ, ಮುಖ ತಿರುಗಿಸದೆಯೇ, ನಲವತ್ತು ವರ್ಷ ಹಿಂದಿನ ಗದರಿಕೆಯ ದನಿಯಲ್ಲಿ ನಜ್ಲಾ ಅಂದಳು:

"ಸಾಕು ಬಾರೇ ಹುಡುಗೀ, ಟ್ರಾಮ್ ಹೋಗತ್ತೆ! ಮದರಂಗಿ ಆರೋ ತನಕ ಇಲ್ಲೇ ಕೂತಿರ್ತೀಯಾ?"

ಕೊನೆಯ ಮಾತಿಗೆ ಆ ಕಠಿಣ ಗಂಟಲು ಬಿರಿದುಹೋಯಿತು. ಕೈ ಹಿಂದಕ್ಕೆ ಚಾಚಿ ಏನನ್ನೋ ತಡಕಾಡಿತು. ತಹಾನಿ ಆ ಕೈಯನ್ನು ಹಿಡಿದುಕೊಂಡಳು. ಅದು ಬಿಡಿಸಿಕೊಳ್ಳಲಿಲ್ಲ.

ಇನ್ನು ನಗು ಬರಬೇಕಿತ್ತು.

ಎಲ್ಲರೂ ಕಾದರು. ಲುತ್ಫಿ ಕಣ್ಣು ಮುಚ್ಚಿಯೇ, ತಲೆಯನ್ನು ಸ್ವಲ್ಪ ಓರೆಮಾಡಿ, ಕಿವಿಯನ್ನು ಖಾಲಿ ಕುರ್ಚಿಯ ಕಡೆ ಕೊಟ್ಟು ಕೂತಿದ್ದರು. ಪ್ಲೇಟು ತಿರುಗುತ್ತಲೇ ಇತ್ತು. ಆ ನಗು ಎಷ್ಟು ಹೊತ್ತಿನದೋ ಅಷ್ಟು ಹೊತ್ತೂ ಅವರು ಹಾಗೆಯೇ ಕೇಳಿಸಿಕೊಂಡರು. ಆಮೇಲೆ ಕೈ ಚಾಚಿ ಮಷೀನನ್ನು ನಿಲ್ಲಿಸಿದರು.